ಕಲ್ಲಿಗೆ ನಂಬರು ಕೊಟ್ಟ ರೈಸ್ ಸಾಹೇಬ

ಕದಂಬರ ಮೇಲೆ ಬರೆದ ಯಾವ ಪುಸ್ತಕ ತೆರೆದರೂ ಅಡಿಟಿಪ್ಪಣಿಯಲ್ಲಿ ಒಂದು ನಂಬರು ಕಾಣುತ್ತದೆ: ಶಿಕಾರಿಪುರ 176. ಇದು ಸರ್ವೆ ನಂಬರಲ್ಲ, ಪಹಣಿ ನಂಬರೂ ಅಲ್ಲ. ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಎದುರು ನಿಂತಿರುವ ಕಂಬದ ನಂಬರು. ಕಾಂಚಿಗೆ ಓದಲು ಹೋದ ತಾಳಗುಂದದ ಹುಡುಗ ಮಯೂರಶರ್ಮ ಅಲ್ಲಿ ಅವಮಾನ ಉಂಡು, ದರ್ಭೆ ಬಿಟ್ಟು ಕತ್ತಿ ಹಿಡಿದ ಕಥೆ ಜಗತ್ತಿಗೆ ಗೊತ್ತಾಗಿದ್ದು ಈ ಕಂಬದಿಂದ. ಬಳ್ಳಿಗಾವಿಯ ಕೋಡಿಮಠದಲ್ಲಿ ವೇದ, ವ್ಯಾಕರಣಗಳ ಪಾಠದ ಜೊತೆಗೆ ಕುಂಟರು ಕುರುಡರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿತ್ತು ಅಂತ ಭಾಷಣಕಾರರು ಹೇಳ್ತಾರಲ್ಲ, ಅದಕ್ಕೂ ಆಧಾರ ಒಂದು ನಂಬರೇ. ಶಿಕಾರಿಪುರ 102, ಕ್ರಿ.ಶ. 1162ರ ಕಲ್ಲು.

ಈ ನಂಬರು ಹಾಕಿದವರು ಬೆಂಜಮಿನ್ ಲೂಯಿಸ್ ರೈಸ್. ಅವರು ತೀರಿಹೋಗಿ ನೂರು ವರ್ಷ ಆಗುತ್ತಾ ಬಂತು. ಶಿವಮೊಗ್ಗ ಜಿಲ್ಲೆಯ ಊರೂರ ಕಲ್ಲುಗಳಿಗೆ ಅವರು ಬರೆದಿಟ್ಟ ವಿಳಾಸ ಇವತ್ತಿಗೂ ಚಾಲ್ತಿಯಲ್ಲಿದೆ. ಆ ವಿಳಾಸದಲ್ಲಿ ಕಲ್ಲು ಇದೆಯೋ ಇಲ್ಲವೋ ಅನ್ನೋದು ಮಾತ್ರ ಬೇರೆ ಪ್ರಶ್ನೆ.

ಹೆಸರಿಗೆ ದೊರೆ, ಹುಟ್ಟಿದ್ದು ಬೆಂಗಳೂರು

ರೈಸ್ ಅಂದರೆ ಹಡಗಿನಿಂದ ಇಳಿದು ಬಂದ ಬಿಳಿ ಅಧಿಕಾರಿ ಅಂದುಕೊಂಡವರೇ ಹೆಚ್ಚು. ಅವರು ಹುಟ್ಟಿದ್ದು ಬೆಂಗಳೂರಲ್ಲೇ, 1837ರ ಜುಲೈ 17ರಂದು. ತಂದೆ ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ರೈಸ್. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಈ ತಂದೆಯ ಹೆಸರಿನದು, ಮಗನದಲ್ಲ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಇವರ ತಮ್ಮ. ಒಟ್ಟಿನಲ್ಲಿ ಮನೆಯೊಳಗೇ ಕನ್ನಡ ಓಡಾಡಿಕೊಂಡಿತ್ತು. ಹುಡುಗ ಕನ್ನಡ ಕಲಿತದ್ದು ವ್ಯಾಕರಣದ ಪುಸ್ತಕದಿಂದಲ್ಲ, ಬೀದಿಯಿಂದ, ಮನೆಯಂಗಳದಿಂದ.

ಓದಿಗೆ ಇಂಗ್ಲೆಂಡಿಗೆ ಹೋದವರು 1860ರಲ್ಲಿ ವಾಪಸು ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಮುಂದೆ ಸೆಂಟ್ರಲ್ ಕಾಲೇಜು ಅನ್ನಿಸಿಕೊಂಡಿದ್ದು ಅದೇ ಶಾಲೆ. 1865ಕ್ಕೆ ಮೈಸೂರು, ಕೊಡಗು ಪ್ರಾಂತ್ಯದ ಶಾಲೆಗಳ ಇನ್ಸ್‌ಪೆಕ್ಟರ್ ಆದರು. 1868ರಲ್ಲಿ ವಿದ್ಯಾ ಇಲಾಖೆಯ ಡೈರೆಕ್ಟರ್ ಕುರ್ಚಿಯಲ್ಲೂ ಕೂತರು. ಹೋಬಳಿಗೊಂದು ಶಾಲೆ ಅನ್ನುವ ಯೋಜನೆ ಆ ಕಾಲದ್ದು, ಅದರ ಹಿಂದಿದ್ದವರು ಇವರು. ಹಳ್ಳಿಯ ಮುದುಕರು ಹೋಬಳಿ ಸ್ಕೂಲು ಅಂತ ಕರೆಯುತ್ತಿದ್ದರಲ್ಲ, ಅದರ ಮೂಲ ಇಲ್ಲಿದೆ.

ಶಾಲೆ ತನಿಖೆ ಅಂದರೆ ಆಗ ಕುದುರೆ ಮೇಲೆ ಊರೂರು ಅಲೆಯುವ ಕೆಲಸ. ಊರಿಗೊಂದು ದೇವಸ್ಥಾನ, ಅದರ ಮುಂದೊಂದು ಕಲ್ಲು, ಕಲ್ಲಿನ ತುಂಬ ಅಕ್ಷರ. ಏನಿದೆ ಇದರಲ್ಲಿ ಅಂದರೆ ಊರವರಿಗೆ ಗೊತ್ತಿಲ್ಲ. ಕೆಲವರು ಅದನ್ನು ನಿಧಿಯ ಗುರುತು ಅಂತಿದ್ದರು, ಕೆಲವರು ದೇವರ ಲಿಪಿ ಅಂತ ಕುಂಕುಮ ಹಚ್ಚಿ ಕೈ ಮುಗೀತಿದ್ದರು. ಶಾಲೆ ನೋಡಲು ಹೋದ ಸಾಹೇಬರಿಗೆ ಕಲ್ಲಿನ ಹುಚ್ಚು ಹಿಡಿದದ್ದು ಹೀಗೆ.

ಅದಕ್ಕೊಂದು ನೆಪವೂ ಸಿಕ್ಕಿತು. 1860ರ ದಶಕದಲ್ಲಿ ಮೇಜರ್ ಡಿಕ್ಸನ್ ಅನ್ನುವ ಸೇನಾಧಿಕಾರಿ ಸರ್ಕಾರದ ಅಪ್ಪಣೆಯಂತೆ ಸಂಸ್ಥಾನದ ಕೆಲವು ಶಾಸನಗಳ ಫೋಟೋ ತೆಗೆದಿದ್ದರು. ಆ ಪಟಗಳಲ್ಲಿ ಬಳ್ಳಿಗಾವಿಯ ಕಲ್ಲುಗಳೂ ಇದ್ದವು. ಪಟ ತೆಗೆದದ್ದಾಯಿತು, ಓದುವವರು ಯಾರು? ಆ ಹೊರೆ ರೈಸ್ ಹೆಗಲಿಗೆ ಬಿತ್ತು. 1879ರಲ್ಲಿ ಮೈಸೂರು ಶಾಸನಗಳ ಅನುವಾದ ಪುಸ್ತಕವಾಗಿ ಬಂತು. ಅದಕ್ಕೂ ಮುಂಚೆ ಸಂಸ್ಥಾನದ ಗೆಜೆಟಿಯರ್ ಬರೆದು ಮುಗಿಸಿದ್ದರು. 1881ರ ಜನಗಣತಿಯ ಹೊಣೆ ಹೊತ್ತರು. ಹಂಟರ್ ಶಿಕ್ಷಣ ಆಯೋಗಕ್ಕೆ ಕಾರ್ಯದರ್ಶಿಯಾದರು. ಇಷ್ಟೆಲ್ಲ ಸಂಬಳದ ಕೆಲಸದ ನಡುವೆ ಕಲ್ಲು ಓದುವುದು ಬಿಡಲಿಲ್ಲ.

ಒಂದು ಇಲಾಖೆ ಹುಟ್ಟಿದ ಬಗೆ

1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂತಿರುಗಿಸಿದರು. ಸಂಸ್ಥಾನದ ಕೈ ಆಗ ಬಿಗಿ. 1876ರಿಂದ 78ರ ಧಾತು ಈಶ್ವರ ಬರದ ಗಾಯ ಇನ್ನೂ ಆರಿರಲಿಲ್ಲ. ಇಂಥ ಹೊತ್ತಿನಲ್ಲಿ ಹಳೇ ಕಲ್ಲು ಓದೋದಕ್ಕೆ ಒಂದು ಇಲಾಖೆ ಬೇಕು ಅಂದರೆ ಯಾರು ಕೇಳ್ತಾರೆ? ಆದರೆ 1880ರ ದಶಕದ ನಡುವಿನಲ್ಲಿ ಮೈಸೂರು ಸರ್ಕಾರ ಅದನ್ನು ಮಾಡಿತು. ಮೊದಲು ರೈಸ್ ಅವರಿಗೆ ಬೇರೆ ಕೆಲಸದ ಜೊತೆಗೆ ಪುರಾತತ್ವದ ಹೊಣೆ ಕೊಟ್ಟಿತು. 1890ಕ್ಕೆ ಪೂರ್ಣಾವಧಿ ಡೈರೆಕ್ಟರ್ ಮಾಡಿತು. ದೊಡ್ಡ ಕಟ್ಟಡ, ದೊಡ್ಡ ಬೋರ್ಡು ಇದ್ದ ಇಲಾಖೆಯಲ್ಲ ಅದು. ಒಬ್ಬ ಅಧಿಕಾರಿ, ಹಳಗನ್ನಡ ಸಂಸ್ಕೃತ ಬಲ್ಲ ಕೆಲವು ಪಂಡಿತರು, ನಕಲು ತೆಗೆಯುವ ಕೆಲವರು, ಅಷ್ಟೆ.

ಕೆಲಸ ನಡೆಯುತ್ತಿದ್ದ ರೀತಿ ಸರಳ, ಆದರೆ ಬೆವರು ಹರಿಯುವಂಥದ್ದು. ಮಣ್ಣಲ್ಲಿ ಅರ್ಧ ಹೂತ ಕಲ್ಲನ್ನು ಬಿಡಿಸಬೇಕು. ಪಾಚಿ, ಎಣ್ಣೆಜಿಡ್ಡು ಉಜ್ಜಿ ತೊಳೆಯಬೇಕು. ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಯೊಳಗೆ ಇಳಿಸಬೇಕು. ಮೇಲೆ ಮಸಿ ಹಚ್ಚಿದರೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಮೂಡುತ್ತದೆ. ಇದಕ್ಕೆ ಪಡಿಯಚ್ಚು ಅನ್ನುತ್ತಾರೆ. ಅಚ್ಚು ತೆಗೆಯಲಾಗದ ಕಡೆ ಕಣ್ಣಿಟ್ಟು ನೋಡಿ ಕೈಯಲ್ಲೇ ಬರಕೊಳ್ಳಬೇಕು. ಊರ ಪಟೇಲ, ಶ್ಯಾನುಭೋಗರು ಮನಸ್ಸು ಮಾಡದಿದ್ದರೆ ಕಲ್ಲು ಎಲ್ಲಿದೆ ಅಂತಲೇ ಗೊತ್ತಾಗೋದಿಲ್ಲ. ಮಲೆನಾಡಿನ ಮಳೆ, ಜ್ವರ, ಜಿಗಣೆ ಬೇರೆ.

1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಮೊದಲ ಸಂಪುಟ ಹೊರಬಿತ್ತು, ಅದು ಕೊಡಗಿನದು. 1889ಕ್ಕೆ ಶ್ರವಣಬೆಳಗೊಳ. ಆಮೇಲೆ ಜಿಲ್ಲೆ ಜಿಲ್ಲೆಯೇ ಸರದಿಯಲ್ಲಿ ಬಂದವು: ಮೈಸೂರು, ಕಡೂರು, ಹಾಸನ, ಚಿತ್ರದುರ್ಗ, ತುಮಕೂರು, ಬೆಂಗಳೂರು, ಕೋಲಾರ. ಇಪ್ಪತ್ತು ವರ್ಷದೊಳಗೆ ಹನ್ನೆರಡು ಸಂಪುಟ, ಸುಮಾರು 9,000 ಶಾಸನ. ಕೆಲವು ಸಂಪುಟ ಅಚ್ಚಾಗಿದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ.

ಹನ್ನೆರಡರಲ್ಲಿ ಎರಡು ಶಿವಮೊಗ್ಗೆಯ ಪಾಲು. ಏಳನೆಯದರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು. ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಕಲ್ಲಿನ ಶ್ರೀಮಂತಿಕೆಯಲ್ಲಿ ಈ ಜಿಲ್ಲೆ ಯಾರಿಗೂ ಕಮ್ಮಿಯಿಲ್ಲ ಅನ್ನೋದಕ್ಕೆ ಇದಕ್ಕಿಂತ ಸರ್ಟಿಫಿಕೇಟು ಬೇಕೆ?

ರೈಸ್ ಮಾಡಿದ ಜಾಣತನ ಏನೆಂದರೆ ತಾಲ್ಲೂಕಿನ ಪ್ರಕಾರ ನಂಬರು ಹಾಕಿದ್ದು. ಜೊತೆಗೆ ಪಾಠವನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಅಚ್ಚು ಹಾಕಿಸಿ ಇಂಗ್ಲಿಷ್ ಅನುವಾದ ಕೊಟ್ಟರು. ಲಂಡನ್ನಿನ ಪ್ರೊಫೆಸರೂ ಓದಬಹುದು, ಕನ್ನಡ ಪಂಡಿತನೂ ಓದಬಹುದು. ಚನ್ನಗಿರಿ, ಹೊನ್ನಾಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದವು. ಹಳೇ ನಗರ ತಾಲ್ಲೂಕಿನ ಹುಂಚದ ಸಾಂತರ ಶಾಸನಗಳು ಇಂದಿನ ಹೊಸನಗರ ತಾಲ್ಲೂಕಿನಲ್ಲಿವೆ. ತಾಲ್ಲೂಕಿನ ಗಡಿ ಬದಲಾಯಿತು, ಜಿಲ್ಲೆಯೂ ಬದಲಾಯಿತು. ರೈಸ್ ಕೊಟ್ಟ ನಂಬರು ಮಾತ್ರ ಬದಲಾಗಲಿಲ್ಲ.

ಅಶೋಕ ಬಂದ, ಮಯೂರ ಬಂದ

1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆಯಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಬಂಡೆಗಳ ಮೇಲೆ ಅಶೋಕನ ಶಾಸನ ಸಿಕ್ಕವು. ಅಲ್ಲೀತನಕ ಅಶೋಕ ಅಂದರೆ ಉತ್ತರದ ದೊರೆ. ಅವನ ಆಣತಿ ಕನ್ನಡ ನಾಡಿನ ಗುಡ್ಡದ ಬುಡದವರೆಗೂ ಬಂದಿತ್ತು ಅಂತ ತೋರಿಸಿದ್ದು ರೈಸ್. ಭಾರತದ ಚರಿತ್ರೆಯ ನಕ್ಷೆ ಅವತ್ತು ದಕ್ಷಿಣಕ್ಕೆ ಸರಿಯಿತು. ಆ ಆಣತಿ ಬರೆದ ಚಪಡ ಅನ್ನುವ ಗುಮಾಸ್ತೆ ಕೊನೆಯಲ್ಲಿ ತನ್ನ ಕಸುಬಿನ ಹೆಸರನ್ನು ವಾಯವ್ಯ ದಿಕ್ಕಿನ ಖರೋಷ್ಠಿ ಲಿಪಿಯಲ್ಲಿ ಬರೆದುಬಿಟ್ಟಿದ್ದಾನೆ. ಎಲ್ಲಿಂದೆಲ್ಲಿಗೆ ವರ್ಗವಾಗಿ ಬಂದಿದ್ದನೋ ಪಾಪ!

1894ರಲ್ಲಿ ತಾಳಗುಂದದ ಕಂಬದ ಸರದಿ. ರೈಸ್ ಅದರ ಪ್ರತಿಯನ್ನು ಜರ್ಮನ್ ವಿದ್ವಾಂಸ ಬ್ಯೂಲರ್ ಅವರಿಗೆ ಕಳಿಸಿದರು. ಮರು ವರ್ಷವೇ ಅದರ ಸುದ್ದಿ ಯುರೋಪಿನ ವಿದ್ವಾಂಸರಲ್ಲಿ ಹರಡಿತು. ಕುಬ್ಜ ಅನ್ನುವ ಕವಿ ರಚಿಸಿದ ಸಂಸ್ಕೃತ ಪದ್ಯಗಳವು. ದೇವಸ್ಥಾನದ ಬಳಿ ಕಾಕುಸ್ಥವರ್ಮ ಕೆರೆ ತೋಡಿಸಿದ ವಿಷಯ ಹೇಳುತ್ತಾ ಕದಂಬರ ವಂಶದ ಕಥೆಯನ್ನೇ ಬಿಚ್ಚಿಟ್ಟಿದ್ದಾನೆ. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದಿಂದ ಕದಂಬರಿಗೂ ಮುಂಚಿನ ಶಾತಕರ್ಣಿ ದೊರೆಯ ಪ್ರಾಕೃತ ಶಾಸನ ಸಿಕ್ಕಿತು. ಒಂದೇ ತಾಲ್ಲೂಕಿನ ಎರಡು ಕಂಬಗಳಿಂದ ಕನ್ನಡ ನಾಡಿನ ಚರಿತ್ರೆ ನೂರಾರು ವರ್ಷ ಹಿಂದಕ್ಕೆ ಹೋಯಿತು.

ಕಲ್ಲಿನ ಜೊತೆಗೆ ಓಲೆಗರಿಯ ಕಡೆಗೂ ಅವರ ಕಣ್ಣಿತ್ತು. ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯಲ್ಲಿ ನಾಗವರ್ಮನ ಭಾಷಾಭೂಷಣ 1884ರಲ್ಲೂ ಭಟ್ಟಾಕಳಂಕನ ಶಬ್ದಾನುಶಾಸನ 1890ರಲ್ಲೂ ಬಂದವು. 1898ರಲ್ಲಿ ಪಂಪಭಾರತ ಅಚ್ಚಾಯಿತು. ಅದೇ ವರ್ಷ ಕೆ. ಬಿ. ಪಾಠಕರ ಸಂಪಾದನೆಯಲ್ಲಿ ಕವಿರಾಜಮಾರ್ಗ ಬಂತು. ಕನ್ನಡದ ಮೊದಲ ಗ್ರಂಥ, ಮೊದಲ ಮಹಾಕವಿ ಇಬ್ಬರೂ ಒಂದೇ ವರ್ಷ ಅಚ್ಚಿನ ಮನೆಯಿಂದ ಹೊರಗೆ ಬಂದರು ಅನ್ನಿ. ಹಸ್ತಪ್ರತಿ ಕೂಡಿಡಲು 1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದದ್ದು ಅಲ್ಲಿಂದಲೇ.

ತಪ್ಪೇ ಮಾಡಲಿಲ್ಲವೆ?

ಸಾಹೇಬರನ್ನು ದೇವರ ಪೀಠದಲ್ಲಿ ಕೂರಿಸುವುದು ಬೇಡ. ತಲಕಾಡಿನ ಗಂಗರ ತಾಮ್ರಪಟಗಳ ವಿಚಾರದಲ್ಲಿ ರೈಸ್ ಅವರಿಗೂ ಜೆ. ಎಫ್. ಫ್ಲೀಟ್ ಅವರಿಗೂ ವರ್ಷಗಟ್ಟಲೆ ಜಟಾಪಟಿ ನಡೆಯಿತು. ಇವುಗಳಲ್ಲಿ ಬಹಳಷ್ಟು ಖೊಟ್ಟಿ, ಆಮೇಲೆ ಯಾರೋ ಸೃಷ್ಟಿಸಿದ್ದು ಅನ್ನೋದು ಫ್ಲೀಟ್ ವಾದ. ರೈಸ್ ಒಪ್ಪಲಿಲ್ಲ. ಮುಂದಿನ ವಿದ್ವಾಂಸರು ಕೆಲವನ್ನು ಅಸಲಿ ಅಂತ ಉಳಿಸಿಕೊಂಡರು, ಕೆಲವನ್ನು ಕೈಬಿಟ್ಟರು. ಆದರೆ ಜಗಳ ಆಡೋದಕ್ಕಾದರೂ ಪಾಠ ಅಚ್ಚಿನಲ್ಲಿ ಇರಬೇಕಲ್ಲ? ಅದನ್ನು ಎಲ್ಲರ ಮುಂದೆ ಇಟ್ಟವರು ರೈಸ್.

ಕೈಯಲ್ಲಿ ಬರಕೊಂಡು ಬಂದ ಪ್ರತಿಗಳಲ್ಲಿ ಓದಿನ ತಪ್ಪು ನುಸುಳಿದ್ದವು. ಬಿಟ್ಟುಹೋದ ಕಲ್ಲುಗಳಂತೂ ಲೆಕ್ಕವಿಲ್ಲ. ಶ್ರವಣಬೆಳಗೊಳದಲ್ಲಿ ರೈಸ್ ಕೊಟ್ಟದ್ದು 144 ಶಾಸನ. ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು ಅದೇ ಬೆಟ್ಟಗಳನ್ನು ಮತ್ತೆ ಹತ್ತಿಳಿದು 1923ರಲ್ಲಿ ಹೊಸ ಆವೃತ್ತಿ ತಂದಾಗ ಲೆಕ್ಕ 500ಕ್ಕೆ ಮುಟ್ಟಿತು. ಹಾಸನದ ಸಂಪುಟ 1902ರಲ್ಲೇ ಬಂದಿತ್ತು, ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಅದರಲ್ಲಿರಲಿಲ್ಲ. 1930ರ ದಶಕದಲ್ಲಿ ಅದನ್ನು ಹೊರತಂದವರು ಎಂ. ಎಚ್. ಕೃಷ್ಣ. ತಾಳಗುಂದದಲ್ಲೇ 2013ರ ಸುಮಾರಿಗೆ ಕೇಂದ್ರ ಪುರಾತತ್ವ ಇಲಾಖೆ ಅಗೆದಾಗ ಸಿಂಹ ಕೆತ್ತಿದ ಕಟಾಂಜನದ ಮೇಲೊಂದು ಶಾಸನ ಸಿಕ್ಕಿತು. ಅದು ಹಲ್ಮಿಡಿಗಿಂತ ಹಳೇದು, ಕ್ರಿ.ಶ. 370ರದು ಅಂತ ತಜ್ಞರು ಹೇಳಿದ್ದಾರೆ. ರೈಸ್ ನಡೆದಾಡಿದ ನೆಲದಲ್ಲೇ ಕಲ್ಲು ಕಾಯುತ್ತಾ ಕೂತಿತ್ತು.

ಇನ್ನೊಂದು ಮಾತೂ ಹೇಳಬೇಕು. ಸಂಪುಟಗಳ ಮುಖಪುಟದಲ್ಲಿ ಇರೋದು ಒಂದೇ ಹೆಸರು. ಹಳಗನ್ನಡ ಬಿಡಿಸಿದ ಪಂಡಿತರು, ಬಿಸಿಲಲ್ಲಿ ಕೂತು ಕಾಗದ ಬಡಿದವರು, ಕಲ್ಲು ಇಲ್ಲಿದೆ ಬನ್ನಿ ಅಂತ ಕರಕೊಂಡು ಹೋದ ಊರವರು, ಇವರ ಹೆಸರು ಜನರ ನೆನಪಿನಲ್ಲಿ ಉಳಿಯಲಿಲ್ಲ. ನರಸಿಂಹಾಚಾರ್ಯರೊಬ್ಬರು ಮಾತ್ರ ಬೆಳೆದು ಕುರ್ಚಿಗೇ ಬಂದರು. 1899ರಲ್ಲಿ ಇಲಾಖೆ ಸೇರಿದ ಅವರು 1906ರಲ್ಲಿ ರೈಸ್ ನಿವೃತ್ತರಾದಾಗ ಜಾಗ ತುಂಬಿದರು. ಕಲ್ಲಿನಲ್ಲಿ ಸಿಕ್ಕ ಕಾಲ, ಹೆಸರುಗಳ ಬಲವೂ ಸೇರಿ ಅವರ ಕರ್ಣಾಟಕ ಕವಿಚರಿತೆ ಹುಟ್ಟಿತು. ಅವರ ನಂತರ ಶಾಮಶಾಸ್ತ್ರಿಗಳು, ಆಮೇಲೆ ಕೃಷ್ಣ. ಒಂದು ಸರ್ಕಾರಿ ಕಚೇರಿಯ ಕುರ್ಚಿಯಲ್ಲಿ ಸಾಲಾಗಿ ನಾಲ್ಕು ಜನ ಇಂಥವರು ಕೂತರು ಅಂದರೆ ಇವತ್ತಿನವರು ನಂಬೋದು ಕಷ್ಟ.

ನಿವೃತ್ತರಾದ ರೈಸ್ ಇಂಗ್ಲೆಂಡಿಗೆ ಹೋದರು. ಸುಮ್ಮನೆ ಕೂರಲಿಲ್ಲ. ಅಷ್ಟೂ ಶಾಸನಗಳ ಸಾರ ಹಿಂಡಿ ಮೈಸೂರು ಕೊಡಗುಗಳ ಚರಿತ್ರೆ ಬರೆದು 1909ರಲ್ಲಿ ಹೊರತಂದರು. 1927ರ ಜುಲೈ 10ರಂದು ಲಂಡನ್ ಪಕ್ಕದ ಹ್ಯಾರೋದಲ್ಲಿ ಕಣ್ಣು ಮುಚ್ಚಿದರು. ಇನ್ನೊಂದು ವಾರ ಇದ್ದಿದ್ದರೆ ತೊಂಬತ್ತು ತುಂಬುತ್ತಿತ್ತು. ಕನ್ನಡಿಗರು ಅವರಿಗೆ ಶಾಸನ ಪಿತಾಮಹ ಅಂತ ಹೆಸರು ಕೊಟ್ಟರು.

ನಂಬರು ಇದೆ, ಕಲ್ಲೆಲ್ಲಿ?

ರೈಸ್ ಕಟ್ಟಿದ ಇಲಾಖೆ ಕೆಲಕಾಲ ಮೈಸೂರು ವಿಶ್ವವಿದ್ಯಾನಿಲಯದ ತೆಕ್ಕೆಯಲ್ಲಿತ್ತು. ಈಗ ಅದು ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ. ಶಾಸನ ಸಂಪುಟಗಳ ಪರಿಷ್ಕರಣೆಯನ್ನು 1970ರ ದಶಕದಲ್ಲಿ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಕೈಗೆತ್ತಿಕೊಂಡಿತು. 1972ರಲ್ಲಿ ಕೊಡಗಿನ ಹೊಸ ಸಂಪುಟ ಬಂತು, 1973ರಲ್ಲಿ ಬಂದ ಶ್ರವಣಬೆಳಗೊಳದ ಲೆಕ್ಕ 573ಕ್ಕೆ ಏರಿತು. ರಕ್ಷಣೆಗೆ 1961ರ ರಾಜ್ಯ ಕಾಯ್ದೆ ಇದೆ. ಕೆಲವು ಸ್ಮಾರಕ ಕೇಂದ್ರದ್ದು, ಕೆಲವು ರಾಜ್ಯದ್ದು. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಅಂಗಳದಲ್ಲಿ ಇಲಾಖೆ ತಂದಿಟ್ಟ ವೀರಗಲ್ಲು, ಶಾಸನದ ಕಲ್ಲುಗಳು ಸಾಲಾಗಿ ನಿಂತಿವೆ.

ಆದರೆ ಎರಡೂ ಪಟ್ಟಿಗೆ ಸೇರದ ಕಲ್ಲುಗಳೇ ಹೆಚ್ಚು. ಅವು ಹೊಲದ ಬದುವಿನಲ್ಲಿವೆ, ಕೆರೆ ಏರಿಯ ಮೇಲಿವೆ, ಪಾಳು ಗುಡಿಯ ಪೌಳಿಯಲ್ಲಿವೆ. ಅವಕ್ಕೆ ಕಾವಲುಗಾರನಿಲ್ಲ, ನೀಲಿ ಬೋರ್ಡಿಲ್ಲ. ನಿಧಿ ಆಸೆಗೆ ರಾತ್ರೋರಾತ್ರಿ ಬುಡ ಅಗೆದು ಉರುಳಿಸುವವರು ಒಂದು ಕಡೆ. ಜೀರ್ಣೋದ್ಧಾರದ ಹೆಸರಲ್ಲಿ ಅಕ್ಷರದ ಮೇಲೆ ಆಯಿಲ್ ಪೇಂಟು ಬಳಿಯುವ ಭಕ್ತರು ಇನ್ನೊಂದು ಕಡೆ. ರಸ್ತೆ ಅಗಲ ಮಾಡುವಾಗ ಜೆಸಿಬಿ ಡ್ರೈವರಿಗೆ ಅದು ಕಲ್ಲು, ಅಷ್ಟೆ. ಮೋರಿಗೆ ಹಾಸಿದರೆ ಗಟ್ಟಿಯಾಗಿ ಕೂರುತ್ತದೆ, ಬಟ್ಟೆ ಒಗೆಯಲೂ ಚೆನ್ನಾಗಿರುತ್ತದೆ.

ಬೆಂಗಳೂರಲ್ಲಿ ಮಿಥಿಕ್ ಸೊಸೈಟಿಯವರು 2021ರಿಂದ ರೈಸ್ ಪಟ್ಟಿ ಹಿಡಿದು ಒಂದೊಂದೇ ಕಲ್ಲು ಹುಡುಕಿಕೊಂಡು ಹೊರಟರು. ಸಿಕ್ಕ ಕಲ್ಲನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಮೂರು ಆಯಾಮದ ಪ್ರತಿ ತೆಗೆದಿಟ್ಟರು. ಪಟ್ಟಿಯಲ್ಲಿದ್ದ ಎಷ್ಟೋ ಕಲ್ಲು ನೆಲದ ಮೇಲೆ ಇರಲೇ ಇಲ್ಲ. ಊರು ಬೆಳೆದು ನುಂಗಿತ್ತು. ಆ ಕಲ್ಲುಗಳ ಪಾಲಿಗೆ ರೈಸ್ ಪುಸ್ತಕವೇ ಉಳಿದ ದಾಖಲೆ. ಆ ಪುಸ್ತಕದಲ್ಲಿ ಒಂದಕ್ಷರ ತಪ್ಪಿದ್ದರೂ ಇನ್ನು ಸರಿನೋಡೋದಕ್ಕೆ ಕಲ್ಲೇ ಇಲ್ಲ.

ಶಿವಮೊಗ್ಗ ಜಿಲ್ಲೆಗೂ ಈ ಪರೀಕ್ಷೆ ಬೇಕು. ಏಳು, ಎಂಟನೇ ಸಂಪುಟದ ಪಟ್ಟಿ ಹಿಡಿದು ಶಿಕಾರಿಪುರ ಒಂದರಿಂದ ತೀರ್ಥಹಳ್ಳಿಯ ಕೊನೇ ನಂಬರಿನವರೆಗೆ ನೋಡಿಕೊಂಡು ಬರಬೇಕು. ಇದಕ್ಕೆ ಕೋಟಿಗಟ್ಟಲೆ ರೂಪಾಯಿ ಬೇಡ. ಗ್ರಾಮ ಪಂಚಾಯಿತಿಗೆ ಅದರ ಊರಿನ ನಂಬರುಗಳ ಚೀಟಿ ಕೊಟ್ಟರೆ ಸಾಕು. ಪಿಡಿಒ ಒಂದು ಸುತ್ತು ಹಾಕಲಿ. ಹೈಸ್ಕೂಲು ಮೇಷ್ಟ್ರು ಮಕ್ಕಳನ್ನು ಕರಕೊಂಡು ಹೋಗಲಿ. ಕಲ್ಲು ಇದ್ದರೆ ಫೋಟೋ, ಇಲ್ಲದಿದ್ದರೆ ಇಲ್ಲ ಅಂತ ಬರೆದುಕೊಳ್ಳಲಿ. ಜಮೀನಿನಲ್ಲಿ ಹೊಸ ಕಲ್ಲೋ ತಾಮ್ರದ ತಗಡೋ ಸಿಕ್ಕರೆ ಗುಜರಿಗೆ ಹಾಕದೆ ತಹಶೀಲ್ದಾರರಿಗೆ ತಿಳಿಸುವ ರೂಢಿ ಬರಲಿ. ಶಾಲೆ ತನಿಖೆಗೆ ಹೋದ ಒಬ್ಬ ಅಧಿಕಾರಿ ಕುದುರೆ ಮೇಲೆ ಕೂತು ಶುರು ಮಾಡಿದ ಕೆಲಸ ಇದು. ಜೀಪು, ಮೊಬೈಲು, ನೆಟ್‌ವರ್ಕು ಇರುವ ಕಾಲದ ಇಲಾಖೆಗಳಿಗೆ ಒಂದು ಮಳೆಗಾಲ ಕಳೆದು ಇನ್ನೊಂದು ಬರುವಷ್ಟರಲ್ಲಿ ಮುಗಿಸೋದು ಕಷ್ಟವೇನಲ್ಲ.